ದೊಡ್ಡ ಮೋಟರ್‌ಹೋಮ್‌ಗೆ ಮ್ಯಾಪ್ ಆರಿಸುವ ಮುನ್ನ ಟೇಪು ಹಿಡಿಯಿರಿ

ಗೂಗಲ್ ಮ್ಯಾಪ್ಸ್‌ಗೆ ಮಲಗಲು, ಅಡುಗೆಗೆ ಜಾಗವಿರುವ ನಿಮ್ಮ ಈ ಗಾಡಿಯ ಎತ್ತರ ಗೊತ್ತಿಲ್ಲ. ಹೇಳೋಣವೆಂದರೆ ಅದನ್ನು ತುಂಬಲು ಅಲ್ಲಿ ಜಾಗವೂ ಇಲ್ಲ. ಹತ್ತು ನಿಮಿಷ ಉಳಿಯುತ್ತದೆಂದು ತಗ್ಗು ರೈಲ್ವೆ ಸೇತುವೆಯ ಕೆಳಗೇ ಕಳಿಸಿಬಿಡಬಹುದು. ಟ್ರಾಫಿಕ್ ಮತ್ತು ಉಪಗ್ರಹ ಚಿತ್ರ ನೋಡಲು ಅದು ಇರಲಿ. ದಾರಿ ಹೇಳುವುದಕ್ಕೆ ಮಾತ್ರ ಎತ್ತರ, ಅಗಲ, ಉದ್ದ, ತೂಕ ಕೇಳುವ ಸಾಧನವೇ ಬೇಕು: ಗಾರ್ಮಿನ್‌ನ ಆರ್‌ವಿ (ಮೋಟರ್‌ಹೋಮ್) ಸರಣಿ, ಸೈಜಿಕ್‌ನ ಟ್ರಕ್ ಆ್ಯಪ್, ಅಥವಾ ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಓಸ್ಮ್‌ಆಂಡ್. ಇವುಗಳಲ್ಲಿ ಯಾವುದು ಮೇಲು ಎನ್ನುವುದಕ್ಕಿಂತ ಅದಕ್ಕೆ ನೀವು ಕೊಡುವ ಅಳತೆ ಮುಖ್ಯ.

ಕಂಪನಿಯ ಕೈಪಿಡಿಯಲ್ಲಿರುವ ಎತ್ತರಕ್ಕೆ ಚಾವಣಿಯ ಎಸಿ, ಆಂಟೆನಾ ಸೇರಿರುತ್ತವೆ ಎಂದು ನಂಬಬೇಡಿ. ಸಮತಟ್ಟು ನೆಲದಲ್ಲಿ, ಟೈರಿಗೆ ಸರಿಯಾದ ಗಾಳಿ ತುಂಬಿಸಿ, ನೀರಿನ ಟ್ಯಾಂಕ್ ಖಾಲಿ ಇರುವಾಗ ಅಳೆಯಿರಿ. ಗಾಡಿ ಅತಿ ಎತ್ತರಕ್ಕೆ ನಿಲ್ಲುವುದು ಆಗಲೇ. ಚಾವಣಿಯಲ್ಲಿ ಎಲ್ಲಕ್ಕಿಂತ ಮೇಲಿರುವ ವಸ್ತುವಿನ ಮೇಲೆ ಉದ್ದನೆಯ ನೇರ ಪಟ್ಟಿ ಅಡ್ಡ ಇಟ್ಟು, ರಸಮಟ್ಟದಲ್ಲಿ ಮಟ್ಟ ನೋಡಿ, ಪಟ್ಟಿಯ ತುದಿಯಿಂದ ನೆಲಕ್ಕೆ ಟೇಪು ಇಳಿಬಿಡಿ. ಬಂದ ಅಳತೆಗೆ 15 ಸೆಂ.ಮೀ. ಸೇರಿಸಿ. ರಸ್ತೆ ತಗ್ಗಾಗಿರುವ ಕಡೆ ಮುಂದಿನ ಮತ್ತು ಹಿಂದಿನ ಚಕ್ರಗಳು ಮೇಲೆ ನಿಂತು ನಡುಭಾಗ ತಗ್ಗಿನ ಮೇಲೆ ಬಂದರೆ, ಅಲ್ಲಿ ಸೇತುವೆಗೂ ಚಾವಣಿಗೂ ಇರುವ ಅಂತರ ಕಡಿಮೆಯಾಗುತ್ತದೆ. ತೂಕಕ್ಕೆ ಇದರ ತದ್ವಿರುದ್ಧ: ಎಲ್ಲ ತುಂಬಿಸಿಕೊಂಡೇ ಗಾಡಿ ತೂಗುವ ವೇಬ್ರಿಡ್ಜ್ ಹತ್ತಿಸಿ. 400 ಲೀಟರ್ ನೀರೆಂದರೆ 400 ಕಿಲೋ.

ಅಡಿ, ಅಂಗುಲದಲ್ಲಿ ತುಂಬುವಾಗ ಆಗುವ ತಪ್ಪು ಬಹಳ ಅಪಾಯದ್ದು. 11 ಅಡಿ 10 ಅಂಗುಲವನ್ನು 11.10 ಎಂದು ಹಾಕಿದರೆ ಯಂತ್ರ ಅದನ್ನು 11.1 ಅಡಿ, ಅಂದರೆ ಸುಮಾರು 11 ಅಡಿ 1 ಅಂಗುಲವೆಂದು ಓದುತ್ತದೆ. ಗಾಡಿ ಸುಮಾರು 22 ಸೆಂ.ಮೀ. ಕುಳ್ಳಾಯಿತು! ಮೀಟರಿನಲ್ಲೇ, 3.61 ಎಂದು ಹಾಕಿ.

ಇಷ್ಟು ಮಾಡಿದ ಮೇಲೂ ಮ್ಯಾಪಿನ ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಸೇತುವೆಯ ಎತ್ತರ ಯಾರೂ ದಾಖಲಿಸದಿದ್ದರೆ ಸಾಧನ ಅಲ್ಲಿ ಅಡ್ಡಿಯೇ ಇಲ್ಲವೆಂದು ಲೆಕ್ಕ ಹಾಕುತ್ತದೆ. ಹಳೆಯ ರಸ್ತೆಯ ಮೇಲೆ ಹೊಸ ಡಾಂಬರು ಬಿದ್ದರೂ ಎತ್ತರ ಕಡಿಮೆಯಾಗುತ್ತದೆ. ಅಮೆರಿಕದ ಡರಮ್ ನಗರದಲ್ಲಿ 11 ಅಡಿ 8 ಅಂಗುಲದ ರೈಲ್ವೆ ಸೇತುವೆಗೆ ಎಚ್ಚರಿಕೆಯ ಫಲಕಗಳಿದ್ದರೂ ಟ್ರಕ್‌ಗಳು ಬಡಿಯುತ್ತಲೇ ಇದ್ದವು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಬೇಕಾಯಿತು. ಪರದೆ ಒಂದು ಹೇಳಿ ಫಲಕ ಇನ್ನೊಂದು ಹೇಳಿದರೆ ಫಲಕದ ಮಾತೇ ಕೊನೆ.

ಮನೆಯ ಕಂಪ್ಯೂಟರಿನಲ್ಲಿ ದಾರಿ ಹಾಕಿಕೊಂಡು ಜಿಪಿಎಕ್ಸ್ (ದಾರಿಯ ಬಿಂದುಗಳನ್ನು ಉಳಿಸುವ) ಕಡತವಾಗಿ ಸಾಧನಕ್ಕೆ ಸಾಗಿಸುವವರು ಗಮನಿಸಿ: ಅದರಲ್ಲಿ ‘ಟ್ರ್ಯಾಕ್’ ಎಂದರೆ ಎಳೆದ ಗೆರೆ, ‘ರೂಟ್’ ಎಂದರೆ ಕೆಲವು ಬಿಂದುಗಳು ಮಾತ್ರ. ರೂಟ್ ಕೊಟ್ಟರೆ ಬಿಂದುಗಳ ನಡುವಿನ ದಾರಿಯನ್ನು ಸಾಧನ ತನ್ನ ಲೆಕ್ಕದಲ್ಲಿ ಮತ್ತೆ ಹುಡುಕಬಹುದು. ನೀವು ಬೇಡವೆಂದು ಬಿಟ್ಟ ಘಾಟಿಯೇ ಮತ್ತೆ ಎದುರಾದೀತು. ಬಿಂದುವನ್ನು ಉಪಗ್ರಹ ಚಿತ್ರ ಹಿಗ್ಗಿಸಿ ಇಡಿ. ಅದು ಹೆದ್ದಾರಿಯ ಆಚೆ ಬದಿಗೆ ಬಿದ್ದರೆ, ಹನ್ನೆರಡು ಮೀಟರಿನ ಗಾಡಿಗೆ ಯೂ-ಟರ್ನ್ ಹೊಡೆಯಲು ಸಾಧನ ಹೇಳುತ್ತದೆ.

ಗ್ಯಾಸ್ ಸಿಲಿಂಡರ್ ಇದ್ದರೆ ಕೆಲವು ಸುರಂಗಗಳಲ್ಲಿ ಬಿಡುವುದಿಲ್ಲ, ಸಾಧನದಲ್ಲಿ ಅದರ ಆಯ್ಕೆಯಿದ್ದರೆ ಅದನ್ನೂ ಗುರುತು ಮಾಡಿ. ಮ್ಯಾಪುಗಳನ್ನು ಮೊದಲೇ ಇಳಿಸಿಕೊಳ್ಳಿ. ಕಾರಿಗೆ ನಾಲ್ಕು ಗಂಟೆ ಎಂದರೆ ನಿಮಗೆ ಐದು ಎಂದು ಹಿಡಿಯಿರಿ.

ಹಿಂದೆ ನಾಲ್ಕೂ ಚಕ್ರ ನೆಲದಲ್ಲಿರುವ ಕಾರು ಕಟ್ಟಿಕೊಂಡು ಹೊರಟವರು ಇನ್ನಷ್ಟು ನೋಡಬೇಕು. ಆ ಜೋಡಿ ರಿವರ್ಸ್ ಬರುವುದಿಲ್ಲ: ಕಾರಿನ ಮುಂದಿನ ಚಕ್ರ ತಿರುಚಿಕೊಂಡು ಗಾಡಿ ಮಡಚಿಕೊಳ್ಳುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಕೊನೆಯ ಎರಡು ಕಿಲೋಮೀಟರನ್ನೂ, ಡೀಸೆಲ್ ಹಾಕಿಸುವ ಬಂಕನ್ನೂ ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ. ಒಳಹೋದ ಗಾಡಿ ಮುಂದಕ್ಕೇ ಹೊರಬರುವಂತಿದೆಯೇ? ನೀವು ತಂಗುವ ಕ್ಯಾಂಪ್‌ನವರಿಗೆ ಫೋನ್ ಮಾಡಿ ದೊಡ್ಡ ಗಾಡಿಗಳು ಯಾವ ಗೇಟಿನಿಂದ ಬರುತ್ತವೆ ಎಂದು ಕೇಳಿ. ಮ್ಯಾಪಿಗೆ ವಿಳಾಸದ ಬದಲು ಆ ಗೇಟಿನ ಬಿಂದುವನ್ನೇ ಕೊಡಿ.