ಮೈಎಸ್‌ಕ್ಯೂಎಲ್ 8.0ಕ್ಕೆ ಏರಿದ ಮೇಲಿನ ಕೊಲೇಶನ್ ತಕರಾರು

ಗಂಗಾವತಿಯ ಅಕ್ಕಿ ಗಿರಣಿಯೊಂದರ ಲೆಕ್ಕದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ 5.7 ಆವೃತ್ತಿಗೆ 2023ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿದ್ದರಿಂದ ತಂತ್ರಾಂಶದ ಹೊಸ ಆವೃತ್ತಿಯೊಂದಿಗೆ ಡೇಟಾಬೇಸನ್ನೂ 8.0ಕ್ಕೆ ಏರಿಸಿದೆವು. ಸರ್ವರ್ ತಕರಾರಿಲ್ಲದೆ ಶುರುವಾಯಿತು. ಆದರೆ ರೈತರ ಖಾತೆಯನ್ನು ಹೊಸದಾಗಿ ಸೇರಿದ ತೂಕದ ಚೀಟಿಗಳ ಟೇಬಲ್ಲಿನೊಂದಿಗೆ ಹೆಸರಿನ ಆಧಾರದ ಮೇಲೆ ಜೋಡಿಸುವ ವರದಿ (ಹೆಸರಿನ ಮೇಲೆ ಜೋಡಿಸುವುದೇ ಒಳ್ಳೆಯ ಪದ್ಧತಿಯಲ್ಲ, ಆ ಮಾತು ಬೇರೆ) 'ಇಲ್ಲೀಗಲ್ ಮಿಕ್ಸ್ ಆಫ್ ಕೊಲೇಶನ್ಸ್' ಎಂಬ 1267ನೆಯ ದೋಷ ಕೊಟ್ಟು ನಿಂತಿತು. ಕೊಲೇಶನ್ ಎಂದರೆ ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ; ಎರಡು ಬೇರೆ ನಿಯಮಗಳು ಬೆರೆತಿವೆ ಎಂಬುದೇ ಈ ದೋಷದ ಅರ್ಥ.

ಕಾರಣ ಸರಳವಾಗಿದೆ. ಹಳೆಯ ಟೇಬಲ್ಲುಗಳು ಯುಟಿಎಫ್8ಎಂಬಿ4_ಜನರಲ್_ಸಿಐ ಕೊಲೇಶನ್ನಿನಲ್ಲೇ ಉಳಿದಿರುತ್ತವೆ. ಹೊಸ ಟೇಬಲ್ಲನ್ನು ಸೃಷ್ಟಿಸುವಾಗ ಕ್ಯಾರೆಕ್ಟರ್ ಸೆಟ್ಟನ್ನು (ಅಕ್ಷರಗಳನ್ನು ಶೇಖರಿಸುವ ಸಂಕೇತ ಪದ್ಧತಿ) ಮಾತ್ರ ಹೇಳಿ ಕೊಲೇಶನ್ ಹೇಳದಿದ್ದರೆ, 8.0 ತನ್ನ ಡೀಫಾಲ್ಟ್ ಆದ ಯುಟಿಎಫ್8ಎಂಬಿ4_0900_ಎಐ_ಸಿಐ ಅನ್ನು ಹಚ್ಚುತ್ತದೆ.

ಕ್ವೆರಿಯಲ್ಲಿಯೇ (ಡೇಟಾಬೇಸಿಗೆ ಕೊಡುವ ಪ್ರಶ್ನೆಯಲ್ಲಿ) ಕೊಲೇಟ್ ಎಂದು ಬೇಕಾದ ಕೊಲೇಶನ್ ಬರೆದರೆ ದೋಷವೇನೋ ಹೋಗುತ್ತದೆ. ಆದರೆ ಹಾಗೆ ಬರೆದ ಕಾಲಮ್ಮಿನ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಉಪಯೋಗಕ್ಕೆ ಬರದೆ ಸುಗ್ಗಿಯ ದಿನಗಳಲ್ಲಿ ವರದಿ ತೆವಳುತ್ತದೆ. ಮುಂದೆ ಬರುವ ಟೇಬಲ್ಲುಗಳೂ 0900ರಲ್ಲೇ ಬರುವುದರಿಂದ ಹಳೆಯವನ್ನೇ ಅದಕ್ಕೆ ಬದಲಿಸುವುದು ಮೇಲೆಂದು ನನ್ನ ಅಭಿಪ್ರಾಯ. ಆಲ್ಟರ್ ಡೇಟಾಬೇಸ್ ಆಜ್ಞೆ ಡೇಟಾಬೇಸಿನ ಡೀಫಾಲ್ಟನ್ನು ಮಾತ್ರ ಬದಲಿಸುತ್ತದೆ, ಈಗಾಗಲೇ ಇರುವ ಟೇಬಲ್ಲುಗಳನ್ನು ಮುಟ್ಟುವುದಿಲ್ಲ. ಪ್ರತಿ ಟೇಬಲ್ಲಿಗೂ ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಆಜ್ಞೆಯನ್ನು ಕೊಲೇಶನ್ ಸಮೇತ ಕೊಡಬೇಕು. ಆ ಹೊತ್ತಿನಲ್ಲಿ ಟೇಬಲ್ಲಿಗೆ ಬರೆಯಲಾಗದ ಕಾರಣ ತೂಕದ ಕಾಟಾ ಬಂದ್ ಆದ ಮೇಲೆ ಮಾಡುವುದು ಲೇಸು.

ಆದರೆ ಬದಲಿಸುವ ಮುನ್ನ ಕನ್ನಡದ ಹೆಸರುಗಳನ್ನು ಪರೀಕ್ಷಿಸಲೇಬೇಕು, ಏಕೆಂದರೆ ಎರಡೂ ಕೊಲೇಶನ್‌ಗಳಿಗೆ 'ಒಂದೇ ಹೆಸರು' ಎಂಬುದರ ಅಳತೆ ಬೇರೆ ಬೇರೆ. 'ಇಮಾಮ್‌ಸಾಬ್' ಎಂದು ಮಕಾರವನ್ನು ಬಿಡಿಸಿ ಬರೆದಾಗ ನಡುವೆ ಕಣ್ಣಿಗೆ ಕಾಣದ ಜೀರೊ ವಿಡ್ತ್ ನಾನ್ ಜಾಯ್ನರ್ ಎಂಬ ಅಕ್ಷರ ಕೂತಿರುತ್ತದೆ. ಅದಿಲ್ಲದಿದ್ದರೆ 'ಇಮಾಮ್ಸಾಬ್' ಎಂದು ಒತ್ತಕ್ಷರವಾಗುತ್ತದೆ. ಜನರಲ್ ಸಿಐಗೆ ಇವು ಎರಡು ಹೆಸರುಗಳು, ಯೂನಿಕೋಡ್ 9.0ರ ವಿಂಗಡಣೆಯ ನಿಯಮ ಅನುಸರಿಸುವ 0900 ಆ ಅಕ್ಷರವನ್ನು ಲೆಕ್ಕಕ್ಕೇ ಹಿಡಿಯದ ಕಾರಣ ಒಂದೇ. ನುಕ್ತೆ (ಅಕ್ಷರದ ಕೆಳಗಿನ ಚುಕ್ಕೆ) ಇಟ್ಟು ಬರೆದ 'ಫ಼ಕೀರಪ್ಪ', ಇಡದ 'ಫಕೀರಪ್ಪ' ಕೂಡ ಹೀಗೆಯೇ ಒಂದಾಗುತ್ತಾರೆ. ಹೆಸರಿನ ಮೇಲೆ ಯೂನಿಕ್ ಕೀ (ಒಂದೇ ಹೆಸರು ಎರಡು ಸಲ ಬರಬಾರದೆಂಬ ಕಟ್ಟು) ಇದ್ದರೆ ಬದಲಾವಣೆ, ನಕಲು ಇದೆ ಎನ್ನುವ 1062ನೆಯ ದೋಷದೊಂದಿಗೆ ಅಲ್ಲಿಯೇ ನಿಲ್ಲುತ್ತದೆ. ಹೊಸ ಕೊಲೇಶನ್ ಹಚ್ಚಿ ಗ್ರೂಪ್ ಬೈ ಮಾಡಿ (ಒಂದೇ ಎನಿಸುವ ಹೆಸರುಗಳನ್ನು ಗುಂಪು ಮಾಡಿ), ಒಂದಕ್ಕಿಂತ ಹೆಚ್ಚು ಬಂದ ಹೆಸರುಗಳನ್ನು ಗುಮಾಸ್ತರ ಮುಂದಿಟ್ಟು ಅವರು ಒಬ್ಬರೋ ಇಬ್ಬರೋ ಎಂದು ಕೇಳಿಕೊಳ್ಳಬೇಕು. ಅದು ಕಂಪ್ಯೂಟರ್ ಹೇಳುವ ಮಾತಲ್ಲ.

ಇದಕ್ಕಿಂತ ಕೆಟ್ಟದ್ದು ಹೆಸರಿನ ಕೊನೆಯ ಖಾಲಿ ಜಾಗ. ಹಳೆಯ ಕೊಲೇಶನ್ ಹೋಲಿಸುವಾಗ ಅದನ್ನು ಗಣಿಸುತ್ತಿರಲಿಲ್ಲ, 0900 ಗಣಿಸುತ್ತದೆ. ಹೀಗಾಗಿ ಚೀಟಿಯಲ್ಲಿ ಹೆಸರಿನ ಕೊನೆಗೆ ಸ್ಪೇಸ್ ಒತ್ತಿದ್ದರೆ ಆ ರೈತನ ಭತ್ತ ಯಾವ ದೋಷವನ್ನೂ ತೋರದೆ ವರದಿಯಿಂದ ಬಿಟ್ಟುಹೋಗುತ್ತದೆ. ಆದ್ದರಿಂದ ಎರಡೂ ಟೇಬಲ್ಲುಗಳಲ್ಲಿ ಆ ಖಾಲಿ ಜಾಗವನ್ನು ಟ್ರಿಮ್ ಮಾಡಿ (ಕತ್ತರಿಸಿ), ಮೊದಲಿನ ಮತ್ತು ನಂತರದ ಒಟ್ಟು ಕ್ವಿಂಟಲ್ ತಾಳೆ ನೋಡಬೇಕು.

ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸಿನಲ್ಲೇ ಬರೆದಿಟ್ಟ ಆಜ್ಞೆಗಳ ಕಟ್ಟು) ತಾವು ಸೃಷ್ಟಿಯಾದಾಗಿನ ಡೇಟಾಬೇಸ್ ಕೊಲೇಶನ್ನನ್ನೇ ಹಿಡಿದಿರುತ್ತವೆ. ಡೇಟಾಬೇಸಿನ ಡೀಫಾಲ್ಟ್ ಬದಲಿಸಿದ ಮೇಲೆ ಅವನ್ನು ಅಳಿಸಿ ಮತ್ತೆ ಸೃಷ್ಟಿಸದಿದ್ದರೆ ತಿಂಗಳ ಕೊನೆಯ ಲೆಕ್ಕದಲ್ಲಿ ಅದೇ 1267 ಮತ್ತೆ ಬರಬಹುದು.