ಕಿಲೋಗೆ 2,800 ರೂಪಾಯಿ ಟೊಮೆಟೊ

2023ರ ಜುಲೈ ನೆನಪಿದೆಯಾ? ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ನಮ್ಮ ಮನೆ ಸಾರಿಗೆ ಹುಣಸೆಹಣ್ಣು ಜಾಸ್ತಿ, ಟೊಮೆಟೊ ಅರ್ಧ. ಒಂದು ಭಾನುವಾರ ನನಗೆ ರೋಷ ಬಂತು. ನಾನೇ ಬೆಳೀತೀನಿ ಅಂತ ಹೊರಟೆ.

ನಾನು ಅಕೌಂಟ್ಸ್ ಕೆಲಸದವಳು. ಐದು ರೂಪಾಯಿ ಖರ್ಚಾದರೂ ಬರೆದಿಡುವ ಚಟ. ಹಾಗಾಗಿ ಆ ವರ್ಷದ ಲೆಕ್ಕ ಈಗಲೂ ನೋಟ್‌ಬುಕ್ಕಿನಲ್ಲಿದೆ. ಬಣ್ಣಬಣ್ಣದ ಪ್ಲಾಸ್ಟಿಕ್ ಕುಂಡ ಆರು, 1,080. ಪ್ಯಾಕೆಟ್ ಮಣ್ಣು ಎರಡು ಚೀಲ, 700. ಬೀಜದ ಪೊಟ್ಟಣ ಎಂಟು, 320. ನೀರು ಹಾಕುವ ಕ್ಯಾನು 250. ಪುಟ್ಟ ಸಲಿಕೆ, ಕತ್ತರಿ ಎಲ್ಲ ಇರುವ ಸೆಟ್ಟು 450. ಬಾಟಲಿ ಗೊಬ್ಬರ 280. ಒಟ್ಟು 3,080 ರೂಪಾಯಿ. ಬಂದಿದ್ದು ಹದಿನೇಳು ಟೊಮೆಟೊ. ತೂಕಕ್ಕಿಟ್ಟೆ, 1 ಕಿಲೋ 100 ಗ್ರಾಂ. ಭಾಗಿಸಿ ನೋಡಿ, ಕಿಲೋಗೆ 2,800 ಬಿತ್ತು. ಅದೂ ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಟೊಮೆಟೊ ಕೇಳುವವರಿರಲಿಲ್ಲ.

"ಇದನ್ನ ಸಾರಿಗೆ ಹಾಕಬೇಡ, ದೇವರ ಮುಂದೆ ಇಡು" ಅಂದರು ನಮ್ಮ ಯಜಮಾನರು.

ಸಂಕ್ರಾಂತಿಗೆ ಅಮ್ಮನ ಮನೆಗೆ ಹೋದಾಗ ಈ ಲೆಕ್ಕ ಹೇಳಿದೆ. ಅಮ್ಮನದು ತಿಪಟೂರು ಕಡೆ ಹಳ್ಳಿ, ಸುತ್ತ ತೆಂಗಿನ ತೋಟ. ಪ್ಯಾಕೆಟ್ ಮಣ್ಣಿನಲ್ಲಿ ಏನಿರುತ್ತೆ ಅಂತ ಕೇಳಿದರು. ಕೋಕೋಪೀಟು, ಗೊಬ್ಬರ ಅಂದೆ. ಕೋಕೋಪೀಟು ಅಂದರೆ? ತೆಂಗಿನ ನಾರಿನ ಪುಡಿ ಅಂದೆ. ಅಮ್ಮ ಒಂದು ನಿಮಿಷ ನನ್ನ ಮುಖವನ್ನೇ ನೋಡಿದರು. "ಅಲ್ಲ ಕಣೇ, ತಿಪಟೂರಿನವಳಾಗಿ ನಾರಿನ ಪುಡೀನ ದುಡ್ಡು ಕೊಟ್ಟು ತಂದ್ಯಾ?"

ವಾಪಸ್ ಬರುವಾಗ ಬಸ್ಸಿನಲ್ಲಿ ಎರಡು ಚೀಲ ಇದ್ದವು. ಒಂದರಲ್ಲಿ ನಾರಿನ ಪುಡಿ, ಇನ್ನೊಂದರಲ್ಲಿ ಅವರೆಕಾಯಿ.

ಟೊಮೆಟೊ ಯಾಕೆ ಕೈಕೊಟ್ಟಿತು ಅಂತ ಆಮೇಲೆ ಗೊತ್ತಾಯಿತು. ಕುಂಡ ನೋಡಲು ಚೆಂದ, ಆಳ ಎಂಟೇ ಇಂಚು. ಟೊಮೆಟೊ, ಬದನೆಗೆಲ್ಲ ಒಂದು ಅಡಿಯಾದರೂ ಮಣ್ಣು ಬೇಕು. ಕುಂಡ ಇಟ್ಟಿದ್ದು ಬಾಲ್ಕನಿಯಲ್ಲಿ. ಅಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ಬಿಸಿಲು, ಆಮೇಲೆ ಪಕ್ಕದ ಕಟ್ಟಡದ ನೆರಳು. ಕಾಯಿ ಬಿಡುವ ಗಿಡಕ್ಕೆ ಐದಾರು ಗಂಟೆ ಬಿಸಿಲಿಲ್ಲದಿದ್ದರೆ ಉದ್ದಕ್ಕೆ ಬೆಳೆದು ಸುಮ್ನೆ ನಿಲ್ಲುತ್ತೆ. ಅಷ್ಟು ಬಿಸಿಲು ನಿಮ್ಮ ಮನೆಯಲ್ಲಿ ಇಲ್ಲ ಅಂದರೆ ಟೊಮೆಟೊ ಆಸೆ ಬಿಟ್ಟು ಸೊಪ್ಪು ಹಾಕಿ. ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು.

ಹೊಸ ಸಾಮಾನು ಕೊಳ್ಳುವ ಮೊದಲು ಒಂದು ರಜೆ ದಿನ ಗಂಟೆಗೊಮ್ಮೆ ಹೋಗಿ ಬಿಸಿಲು ಎಲ್ಲಿ ಬೀಳುತ್ತೆ ಅಂತ ನೋಡಿ. ಇದಕ್ಕೆ ಖರ್ಚು ಸೊನ್ನೆ. ನಾನು ಇದನ್ನು ಮಾಡಿದ್ದು 3,080 ಖರ್ಚಾದ ಮೇಲೆ.

ಬಿಸಿಲಿದ್ದದ್ದು ತಾರಸಿಯಲ್ಲಿ. ತಾರಸಿ ಇದ್ದದ್ದು ಓನರ್ ಆಂಟಿ ಕೈಯಲ್ಲಿ. "ತಾರಸಿ ಸೋರಿದ್ರೆ ಯಾರಮ್ಮಾ ಜವಾಬ್ದಾರಿ?" ಅಂದರು. ನ್ಯಾಯವಾದ ಪ್ರಶ್ನೆ. ಪ್ರತಿ ಬಕೆಟ್ಟಿನ ಕೆಳಗೆ ಎರಡು ಇಟ್ಟಿಗೆ ಇಡುತ್ತೀನಿ, ನೀರು ನಿಲ್ಲಲು ಬಿಡಲ್ಲ, ಭಾರದ್ದೆಲ್ಲ ಗೋಡೆ ಅಂಚಿಗೆ ಇಡುತ್ತೀನಿ ಅಂತ ಒಪ್ಪಿಸಿದೆ. ವಾರಕ್ಕೊಂದು ಕಟ್ಟು ಸೊಪ್ಪು ಕೊಡುವ ಮಾತೂ ಆಯಿತು.

ಎರಡನೇ ಸಲದ ಲೆಕ್ಕ ಹೀಗಿತ್ತು. 20 ಲೀಟರಿನ ಪೇಂಟ್ ಬಕೆಟ್ ಎಂಟು, ಗುಜರಿ ಅಂಗಡಿಯಲ್ಲಿ ಒಂದಕ್ಕೆ 40ರಂತೆ 320. ಕೊಟ್ಟಿಗೆ ಗೊಬ್ಬರ ಒಂದು ಚೀಲ 150. ಬೇವಿನೆಣ್ಣೆ 90, ಬೇವಿನ ಹಿಂಡಿ 60, ಬೀಜ 60. ಒಟ್ಟು 680. ಥರ್ಮಾಕೋಲ್ ಡಬ್ಬ ನಾಲ್ಕು ಹಣ್ಣಿನಂಗಡಿಯವರು ಪುಕ್ಕಟೆ ಕೊಟ್ಟರು. ಮಣ್ಣು ಹಿಂದಿನ ರಸ್ತೆಯಲ್ಲಿ ಪಾಯ ತೋಡುತ್ತಿದ್ದ ಸೈಟಿನದು, ಕೇಳಿದ್ದಕ್ಕೆ ಮೇಸ್ತ್ರಿ ಅವರೇ ಚೀಲಕ್ಕೆ ತುಂಬಿ ಕೊಟ್ಟರು.

ಪೇಂಟ್ ಬಕೆಟ್ ತಂದರೆ ಡಿಸ್ಟೆಂಪರಿನದು ತನ್ನಿ, ನೀರಿನಲ್ಲಿ ನೆನೆಸಿದರೆ ಒಣಗಿದ ಬಣ್ಣ ಸಿಪ್ಪೆ ಥರ ಸುಲಿದು ಬರುತ್ತೆ. ಹಳೇ ಸ್ಕ್ರೂಡ್ರೈವರ್ ಒಲೆ ಮೇಲೆ ಕಾಯಿಸಿ ತಳಕ್ಕೆ ಐದಾರು ತೂತು ಮಾಡಿ. ಕಿಟಕಿ ತೆಗೆದಿಡಿ, ನಾತ ಹೊಡೆಯುತ್ತೆ. ತಳದಿಂದ ಒಂದು ಇಂಚು ಮೇಲೆ, ಪಕ್ಕದಲ್ಲೂ ಎರಡು ತೂತು ಇರಲಿ. ತಳದ ತೂತು ಬೇರಿನಿಂದ ಕಟ್ಟಿಕೊಂಡರೂ ನೀರು ಹೋಗಲು ದಾರಿ ಇರುತ್ತೆ.

ಪಾಯದ ಮಣ್ಣು ಕೆಂಪಗೆ ಚೆನ್ನಾಗೇ ಕಾಣುತ್ತೆ, ಆದರೆ ಅದನ್ನೊಂದನ್ನೇ ತುಂಬಬೇಡಿ. ನಾನು ಒಂದು ಬಕೆಟ್ಟಿಗೆ ತುಂಬಿ ನೋಡಿದೆ. ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆಯಾಯಿತು. ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ನಾರಿನ ಪುಡಿ ಒಂದು ಪಾಲು. ಮೇಲೆ ಬಕೆಟ್ಟಿಗೊಂದು ಹಿಡಿ ಬೇವಿನ ಹಿಂಡಿ. ಬೆರೆಸಿದ್ದನ್ನು ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ನಾರಿನ ಪುಡಿ ಹಸಿಯದಾದರೆ ಎರಡು ಮೂರು ನೀರಿನಲ್ಲಿ ತೊಳೆಯಿರಿ, ಕಂದು ಬಣ್ಣ ಬಿಡುವುದು ಕಡಿಮೆಯಾಗುವವರೆಗೆ. ತಿಪಟೂರು ನೆಂಟಸ್ತಿಕೆ ಇಲ್ಲದವರು ಒಣಗಿದ ಎಲೆಯನ್ನು ಪುಡಿ ಮಾಡಿ ಹಾಕಬಹುದು. ರಸ್ತೆ ಗುಡಿಸುವ ಅಕ್ಕನನ್ನು ಕೇಳಿದರೆ ಎಲೆ ಮೂಟೆಗಟ್ಟಲೆ ಸಿಗುತ್ತೆ.

ಈಗ ಬೀಜ. ಮೊದಲನೆಯದು ಮಸಾಲೆ ಡಬ್ಬಿಯಲ್ಲೇ ಇದೆ. ಮೆಂತ್ಯವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಥರ್ಮಾಕೋಲ್ ಡಬ್ಬದ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ನಾಲ್ಕನೇ ದಿನ ಹಸಿರು ಕಾಣುತ್ತೆ, ಇಪ್ಪತ್ತೈದನೇ ದಿನ ಮೆಂತ್ಯ ಸೊಪ್ಪಿನ ಪಲ್ಯ. ಹೊಸಬರು ಇದರಿಂದಲೇ ಶುರು ಮಾಡಿ ಅಂತ ನಾನು ಹಟ ಹಿಡಿದು ಹೇಳುತ್ತೀನಿ. ತಿಂಗಳೊಳಗೆ ತಟ್ಟೆಗೆ ಬರದಿದ್ದರೆ ನಮ್ಮಂಥವರಿಗೆ ಉತ್ಸಾಹ ಉಳಿಯಲ್ಲ. ಕೊತ್ತಂಬರಿ ಬೀಜವನ್ನು ಮಾತ್ರ ಇಡಿಯಾಗಿ ಹಾಕಬೇಡಿ, ಲಟ್ಟಣಿಗೆ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ ಹಾಕಿ. ಹತ್ತು ದಿನ ಕಾಯಬೇಕು. ಎಂಟನೇ ದಿನ ಮಣ್ಣು ಕೆದಕಿ ನೋಡಿದವಳು ನಾನು, ನೀವು ನೋಡಬೇಡಿ.

ಪುದೀನ ಕೊಂಡರೆ ಎಲೆ ಬಿಡಿಸಿಕೊಂಡು ಕಡ್ಡಿಯನ್ನು ಲೋಟದ ನೀರಿನಲ್ಲಿಡಿ, ಬೇರು ಬಂದ ಮೇಲೆ ನೆಡಿ. ಬಸಳೆಯೂ ದಪ್ಪ ಕಡ್ಡಿ ಚುಚ್ಚಿದರೆ ಸಾಕು. ದಂಟು ಬೇಸಿಗೆ ತಡೆಯುತ್ತೆ. ಪಾಲಕ್, ಕೊತ್ತಂಬರಿಗೆ ಚಳಿಗಾಲ ಇಷ್ಟ, ಏಪ್ರಿಲ್‌ನಲ್ಲಿ ಹಾಕಿದರೆ ಬೇಗ ಹೂಬಿಟ್ಟು ಕಹಿಯಾಗುತ್ತೆ.

ಪಾರಿವಾಳದ ವಿಷಯ ಹೇಳಲೇಬೇಕು. ನನ್ನ ಮೊದಲ ಮೆಂತ್ಯದ ಮೊಳಕೆಯನ್ನು ಅವು ಸಾಲಾಗಿ ಕೂತು ತಿಂದು ಮುಗಿಸಿದವು, ಮದುವೆ ಮನೆಯ ಪಂಕ್ತಿ ಥರ. ಈಗ ಹಳೇ ಸೊಳ್ಳೆ ಪರದೆ ಮುಚ್ಚಿ ಬಟ್ಟೆ ಕ್ಲಿಪ್ಪು ಹಾಕುತ್ತೀನಿ.

ಬೆಂಡೆಯ ಬೀಜ ಮಾತ್ರ ಒಳ್ಳೇದು ಬೇಕು ಅಂತ ತಂದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ತಳಿ. ಬೆಂಡೆ ಎಲೆಯ ನರಗಳೆಲ್ಲ ಹಳದಿಯಾಗುವ ಒಂದು ನಂಜು ರೋಗ ಇದೆ, ಬಿಳಿ ನೊಣ ಹರಡುತ್ತೆ. ಅದನ್ನು ತಡೆದುಕೊಳ್ಳಲಿ ಅಂತಲೇ ಈ ತಳಿ ಮಾಡಿದ್ದಾರೆ. ಐವತ್ತು ದಿನಕ್ಕೆ ಕಾಯಿ ಶುರುವಾಯಿತು. ಆದರೆ ನಾನು ಹಾಕಿದ್ದು ಎರಡೇ ಗಿಡ! ದಿನ ಬಿಟ್ಟು ದಿನ ಎರಡು ಕಾಯಿ. ಮೂರು ಜನಕ್ಕೆ ಎರಡು ಬೆಂಡೆಕಾಯಲ್ಲಿ ಏನು ಮಾಡುವುದು? ಫ್ರಿಜ್ಜಿನಲ್ಲಿ ಕೂಡಿಡುತ್ತಾ ಕೂತೆ, ಹದಿನಾಲ್ಕಾಗುವಷ್ಟರಲ್ಲಿ ಮೊದಲಿನವು ಬಾಡಿದ್ದವು. ಬೆಂಡೆ ಹಾಕಿದರೆ ಆರೇಳು ಗಿಡ ಹಾಕಿ, ಇಲ್ಲವೇ ಹಾಕಲೇಬೇಡಿ.

2024ರ ಮಾರ್ಚ್ ಬಂತು. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. 680 ರೂಪಾಯಿ ತೋಟಕ್ಕೆ 5,000 ದಂಡ! ಅವತ್ತಿನಿಂದ ಅಡುಗೆಮನೆಯಲ್ಲಿ ಒಂದು ಬಕೆಟ್ ಕೂತಿತು. ಅಕ್ಕಚ್ಚು, ತರಕಾರಿ ತೊಳೆದ ನೀರು, ಕಾಳು ನೆನೆಸಿದ ನೀರು ಎಲ್ಲ ಅದಕ್ಕೆ. ಉಪ್ಪು, ಸೋಪು ಸೇರಿದ್ದು ಬೇಡ. ಬಕೆಟ್ಟುಗಳ ಮಣ್ಣಿನ ಮೇಲೆ ಒಣ ಎಲೆ ಎರಡು ಇಂಚು ಹಾಸಿದೆ. ದಿನಕ್ಕೆರಡು ಸಲ ನೀರು ಕೇಳುತ್ತಿದ್ದ ಗಿಡ ಒಂದೇ ಸಲಕ್ಕೆ ಸುಮ್ಮನಾಯಿತು. ಈ ಅಭ್ಯಾಸ ಮಳೆ ಬಂದ ಮೇಲೂ ಬಿಟ್ಟಿಲ್ಲ.

ಹುಳದ ಬಗ್ಗೆ ಜಾಸ್ತಿ ಹೇಳಲ್ಲ. ಹತ್ತಿ ಅಂಟಿಸಿದ ಹಾಗೆ ಬೆಳ್ಳಗೆ ಕೂರುವ ಹಿಟ್ಟು ತಿಗಣೆಯೇ ನನ್ನ ದೊಡ್ಡ ವೈರಿ. ಮೊದಲು ಜೋರಾಗಿ ನೀರು ಹೊಡೆದು ಬೀಳಿಸಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತೆ. ವಾರಕ್ಕೊಮ್ಮೆಯಂತೆ ಮೂರು ವಾರ.

ನನಗೆ ತುಂಬಾ ಇಷ್ಟದ್ದು ಹೀರೆ ಬಳ್ಳಿ. ಹಳೇ ಕೇಬಲ್ ವೈರಿನ ಚಪ್ಪರ. ತಿಂಗಳುಗಟ್ಟಲೆ ಹೂವೋ ಹೂವು, ಕಾಯಿ ಮಾತ್ರ ಬೆರಳುದ್ದ ಆಗಿ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಸಾಲದು ಅಂತ ಇನ್ನಷ್ಟು ಸುರಿದೆ. ತಪ್ಪು ಅದಲ್ಲ. ಹೀರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀರೇಕಾಯಿ ಇರುತ್ತೆ. ನಮ್ಮ ಮೂರನೇ ಮಹಡಿ ಮೇಲಿನ ತಾರಸಿಗೆ ಹೊತ್ತಿಗೆ ಸರಿಯಾಗಿ ದುಂಬಿ ಬರುತ್ತಿರಲಿಲ್ಲ. ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಬೇಕು. ಹಾಗಲದ ಹೂವಾದರೆ ಇದನ್ನು ಬೆಳಿಗ್ಗೆ ಮಾಡಬೇಕು. ಹೀರೆ ಹೂ ಅರಳುವುದೇ ಸಂಜೆ. ನಾನು ಆಫೀಸಿನಿಂದ ಬಂದು ಬ್ಯಾಗಿಟ್ಟು ಮೇಲೆ ಹೋಗುವ ಹೊತ್ತಿಗೆ ಸರಿಯಾಗಿ ಹಳದಿ ಹೂಗಳು ಬಿಚ್ಚಿಕೊಳ್ಳುತ್ತಿರುತ್ತವೆ. ಆಫೀಸಿಗೆ ಹೋಗುವವರಿಗಾಗಿಯೇ ಮಾಡಿದ ತರಕಾರಿ ಅನ್ನಿ.

ದುಡ್ಡು ಉಳಿಯುತ್ತಾ? ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಕೊಯ್ದ ಪ್ರತಿ ಕಟ್ಟು ಸೊಪ್ಪನ್ನೂ ಬರೆದಿಟ್ಟೆ. 94 ಕಟ್ಟು, ಕಟ್ಟಿಗೆ 20 ರೂಪಾಯಿ ಹಿಡಿದರೆ 1,880. ಸೊಪ್ಪಿನಲ್ಲಿ ಲಾಭ ಇದೆ. ಹೀರೆ, ಬಸಳೆ, ಮೆಣಸಿನಕಾಯಿ ಪರವಾಗಿಲ್ಲ. ಟೊಮೆಟೊ ಸಮಸಮ. ಈರುಳ್ಳಿ, ಆಲೂಗಡ್ಡೆ ತಾರಸಿಯಲ್ಲಿ ಹಾಕುವುದು ನನ್ನ ಪ್ರಕಾರ ಬರೀ ಶೋಕಿ. ನನ್ನ ಸಮಯಕ್ಕೆ ಕೂಲಿ ಹಾಕಿದರೆ ಇಡೀ ಲೆಕ್ಕ ಮುಳುಗುತ್ತೆ, ಅದನ್ನು ಬೇಕಂತಲೇ ಹಾಕಿಲ್ಲ.

ಹಣ್ಣಿನ ಕಥೆ ಬೇರೆ. ಆಫೀಸಿನ ಗೆಳತಿ ಅವರ ಅಂಜೂರದ ಗಿಡ ಸವರಿದಾಗ ಪೆನ್ಸಿಲ್ ದಪ್ಪದ ಕಡ್ಡಿ ಕೊಟ್ಟಳು. ಸುಮ್ನೆ ಚುಚ್ಚಿದ್ದು, ಮರುವರ್ಷವೇ ಆರು ಹಣ್ಣು ಬಿಟ್ಟಿತು. ನಾಲ್ಕು ಪಿಕಳಾರ ಹಕ್ಕಿಗೆ, ಎರಡು ನಮಗೆ. ಅದೇ ಧೈರ್ಯದಲ್ಲಿ ಒಂದು ರುಚಿಯಾದ ಪರಂಗಿ ಹಣ್ಣಿನ ಬೀಜ ತೊಳೆದು ಒಡೆದ ಡ್ರಮ್ಮಿಗೆ ಹಾಕಿದೆ. ಎಂಟು ತಿಂಗಳು ಮಗು ಥರ ಸಾಕಿದೆ. ಉದ್ದುದ್ದ ಜಡೆ ಇಳಿಬಿಟ್ಟ ಹಾಗೆ ಗೊಂಚಲು ಹೂ ಬಂತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಗಂಡು ಗಿಡ ಕಣೇ, ಕಾಯಿ ಬಿಡಲ್ಲ" ಅಂದರು.

ಪರಂಗಿಯಲ್ಲಿ ಗಂಡೋ ಹೆಣ್ಣೋ ಹೂ ಬಿಟ್ಟ ಮೇಲೇ ಗೊತ್ತಾಗುವುದು, ಅದಕ್ಕೇ ಮೂರು ನಾಲ್ಕು ಸಸಿ ಒಟ್ಟಿಗೆ ಬೆಳೆಸಬೇಕಂತೆ. ಈಗ ಅದೇ ಡ್ರಮ್ಮಿನಲ್ಲಿ ಹೊಸ ಮೂರು ಸಸಿ, ಸೊಂಟದೆತ್ತರ. ಓನರ್ ಆಂಟಿ ದಿನಾ ಬಟ್ಟೆ ಒಣಗಿಸಲು ಬಂದಾಗ ಬಗ್ಗಿ ನೋಡುತ್ತಾರೆ. ಮೊದಲ ಹಣ್ಣು ಅವರಿಗೇ ಅಂತೆ, ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ನೋಟ್‌ಬುಕ್ಕಿನಲ್ಲಿ ಪರಂಗಿ ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೀನಿ. ಇನ್ನೂ ಒಂದೂ ಮೊಗ್ಗು ಬಂದಿಲ್ಲ.