ಮಳೆಗಾಲದಲ್ಲಿ ಒಣಗಿದ ಹುಲ್ಲು

ಊರಿಗೆ ಬಂದು ಎರಡು ದಿನವಾಯಿತು. ಜಡಿಮಳೆ. ಊರೆಲ್ಲ ಹಸಿರು, ಪಕ್ಕದ ಅಡಿಕೆ ತೋಟದ ಬದುವಿನಲ್ಲಿ ಮಾತ್ರ ಹುಲ್ಲು ಬೇಸಿಗೆಯ ಹಾಗೆ ಕೆಂಪಗೆ ಒಣಗಿ ನಿಂತಿದೆ. ಮಳೆಗೆ ಮುಂಚೆ ಕಳೆನಾಶಕ ಹೊಡೆದಿದ್ದಾರೆ. ಬೇರು ಸತ್ತ ಮೇಲೆ ಮಣ್ಣನ್ನು ಹಿಡಿದುಕೊಳ್ಳುವವರು ಯಾರು? ಬಸಿಗಾಲುವೆಯಿಂದ ರಾಡಿ ನೀರು ಸೀದಾ ಹಳ್ಳಕ್ಕೆ.

ಈ ಕಳೆನಾಶಕದಲ್ಲಿರುವ ಗ್ಲೈಫೋಸೇಟ್ ಎಂಬ ರಾಸಾಯನಿಕ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ನೀರಿಗೆ ಹೋಗುವುದಿಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ಅಂಟಿಕೊಳ್ಳುವುದು ನಿಜವೇ. ಆ ಮಣ್ಣೇ ಕೊಚ್ಚಿಹೋದರೆ? 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಪರವಾನಗಿ ಪಡೆದು ಔಷಧ ಹೊಡೆಯುವ ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರೆ ಯಾರೂ ಇದನ್ನು ಬಳಸಬಾರದೆಂದು ಆದೇಶ ಹೊರಡಿಸಿತು. ಅಂಥ ನಿರ್ವಾಹಕರನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ. ಕಂಡದ್ದು ಬೆನ್ನಿಗೆ ಕ್ಯಾನು, ಮೂಗಿಗೆ ಟವೆಲು.

ಬೈಯಲೂ ಬಾಯಿ ಬರುವುದಿಲ್ಲ. ಕಳೆ ಸವರಲು ಆಳು ಸಿಗುವುದಿಲ್ಲ. ನಾನೇನು ಬೆಂಗಳೂರಿನಿಂದ ಬಂದು ಕತ್ತಿ ಹಿಡಿಯುತ್ತೇನೆಯೇ?

ಅಮ್ಮ ತಂಬುಳಿಗೆಂದು ಒಂದೆಲಗ ಕೀಳಲು ಹಳ್ಳದ ದಂಡೆಗೆ ಹೋಗಿದ್ದಳು. ಬರಿಗೈಯಲ್ಲಿ ಬಂದು, ಎರಡೆರಡು ಸಲ ಕಾಲು ತೊಳೆದುಕೊಂಡು, "ಇವತ್ತು ಮಜ್ಜಿಗೆಯಲ್ಲೇ ಊಟ ಮುಗಿಸು" ಎಂದಳು.